ಅಡ್ಡಬಂದಮ್ಮನ ದಿನ್ನೆ

ಬಿಳಿಗಲ್ಲುದುರ್ಗದಿಂದ ಮುತ್ತಗನೂರಿಗೆ ಹೋಗುವ ರಸ್ತೆ ಅರ್ಧ ದಾರಿಯಲ್ಲಿ ಒಂದು ದಿನ್ನೆಯನ್ನು ಹತ್ತಿ ಇಳಿಯುತ್ತದೆ. ಗುಡ್ಡ ಎನ್ನುವಷ್ಟು ದೊಡ್ಡದಲ್ಲ. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗಬೇಕಾದಷ್ಟು ಏರು, ಅಷ್ಟೆ. ಎರಡೂ ಕಡೆ ಬಂಡೆಗಳು, ಬಂಡೆಗಳ ಸಂದಿನಲ್ಲಿ ತಂಗಡಿ, ಕಾರೆಮುಳ್ಳು. ಈಚೆಗೆ ಆಚೆ ಏಣಿನ ಮೇಲೆ ಗಾಳಿಯಂತ್ರಗಳು ಬಂದು ನಿಂತಿವೆ. ದಿನ್ನೆಯ ನೆತ್ತಿಯಲ್ಲಿ, ರಸ್ತೆಗೆ ಅಂಟಿಕೊಂಡಂತೆ, ಸೊಂಟದೆತ್ತರದ ಒಂದು ಕಲ್ಲಿದೆ. ಅದರಲ್ಲಿ ಕೊಡ ಹಿಡಿದ ಹೆಂಗಸೊಬ್ಬಳನ್ನು ಒರಟಾಗಿ ಕೆತ್ತಿದ್ದಾರೆ. ಬಸ್ಸಿನ ಕಂಡಕ್ಟರು 'ಅಡ್ಡಮ್ಮ, ಅಡ್ಡಮ್ಮ, ಯಾರ್ರೀ ಇಳಿಯೋರು' ಎಂದು ಕೂಗುವುದು ಈ ಜಾಗವನ್ನೇ. ಪೂರ್ತಿ ಹೆಸರು ಅಡ್ಡಬಂದಮ್ಮನ ದಿನ್ನೆ. ಹುಲಿಗೆ ಅಡ್ಡ ಬಂದು ದನಗಾಹಿಗಳನ್ನು ಉಳಿಸಿದವಳು ಎಂದು ಕೆಲವರು ಹೇಳುತ್ತಾರೆ. ಹುಲಿಗೆ ಅಡ್ಡ ಬರುವುದು ಸುಲಭ. ಹುಲಿಗೆ ಮಾನ ಮರ್ಯಾದೆಯ ಚಿಂತೆಯಿಲ್ಲ. ಅವಳು ಅಡ್ಡ ಬಂದದ್ದು ಸ್ವಂತ ತಮ್ಮನಿಗೆ. ಈ ಕಥೆಯನ್ನು ನಾನು ನನ್ನ ಅಜ್ಜಿಯ ತಂಗಿಯಿಂದ ಕೇಳಿದ್ದೇನೆ, ಮುತ್ತಗನೂರಿನ ಕುರುಬರ ಹಿರಿಯರಿಂದಲೂ ಕೇಳಿದ್ದೇನೆ. ಎರಡೂ ಕಡೆಯವರು ಬೇರೆ ಬೇರೆ ಊರಿನವರಾದರೂ ಮಾತು ಒಂದೇ ಆಗಿತ್ತು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬಿಳಿಗಲ್ಲುದುರ್ಗವನ್ನು ಗಾದರಿನಾಯಕನೆಂಬವನು ಆಳುತ್ತಿದ್ದನು ಎನ್ನುತ್ತಾರೆ. ಅವನ ತಮ್ಮ ಸೂರನಾಯಕನ ಪಾಲಿಗೆ ಮುತ್ತಗನೂರು ಬಂದಿತ್ತು. ತಾಯಿ ಬೇಗನೆ ತೀರಿಕೊಂಡದ್ದರಿಂದ ಈ ಇಬ್ಬರನ್ನೂ ಎತ್ತಿ ಆಡಿಸಿ, ಒಂದೇ ತಣಿಗೆಯಲ್ಲಿ ಕಲಸಿ ಉಣ್ಣಿಸಿ ದೊಡ್ಡವರನ್ನಾಗಿ ಮಾಡಿದವಳು ಅಕ್ಕ ಬಂಗಾರವ್ವ. ಅವಳ ಗಂಡ ಯಾವುದೋ ಕಾಳಗದಲ್ಲಿ ಸತ್ತ ಮೇಲೆ ತವರಿಗೆ ಮರಳಿ, ಹಿರಿಯ ತಮ್ಮನ ಅರಮನೆಯ ಹಿಂದಣ ಕೋಣೆಯಲ್ಲಿ ಇದ್ದಳು. ಅರಮನೆಯ ಅಡುಗೆ, ಬಾಣಂತಿತನ, ರೋಗರುಜಿನ ಎಲ್ಲಕ್ಕೂ ಅವಳೇ ಬೇಕು. ಹಬ್ಬ ಬಂದರೆ ಮಾತ್ರ ಅವಳು ಕಾಣಿಸಿಕೊಳ್ಳಬಾರದು. ಹಬ್ಬದ ಹೋಳಿಗೆ ಬೇಯಿಸಿದ ಕೈ ಹಬ್ಬದ ದಿನ ಹೊಸ್ತಿಲು ದಾಟಬಾರದೆಂಬುದು ಯಾವ ನ್ಯಾಯವೋ ನನಗೆ ತಿಳಿಯದು. ಆದರೆ ಆ ಕಾಲದ ನಡವಳಿಕೆ ಅದು, ಮತ್ತು ಅವಳೂ ಅದನ್ನು ಯಾರೂ ಹೇಳದೆಯೇ ಪಾಲಿಸುತ್ತಿದ್ದಳು.

ಬೇಡರ ಮನೆತನಗಳಲ್ಲಿ ವರ್ಷದ ದೊಡ್ಡ ಬೇಟೆಯಲ್ಲಿ ಮೊದಲು ಬಿದ್ದ ಹಂದಿಯ ತಲೆ ಹಿರಿಯರ ಮನೆಗೆ ಸಲ್ಲಬೇಕೆಂಬ ಕಟ್ಟಳೆಯಿತ್ತು. ಆ ವರ್ಷ ಮುತ್ತಗನೂರಿನ ಬೇಟೆಯಲ್ಲಿ ಬಿದ್ದ ಹಂದಿಯ ತಲೆಯನ್ನು ಸೂರನಾಯಕನ ಆಳುಗಳು ಅಂದು ಬಂದಿದ್ದ ಬೀಗರಿಗೆ ಬಡಿಸಿಬಿಟ್ಟರು. ಬೇಕೆಂದು ಮಾಡಿದ್ದಲ್ಲ, ಹೆಂಡದ ಗದ್ದಲದಲ್ಲಿ ಆದ ಮರೆವು. ದುರ್ಗದಿಂದ ಆಳು ಬಂದು ತಲೆಯೆಲ್ಲಿ ಎಂದು ಕೇಳಿದಾಗ ಸೂರನಾಯಕ ತಪ್ಪಾಯಿತು ಎನ್ನಬಹುದಿತ್ತು. ಬೀಗರೆದುರು ತಪ್ಪಾಯಿತು ಎನ್ನಲು ನಾಲಿಗೆ ಬರಲಿಲ್ಲ. 'ಅಣ್ಣನಿಗೆ ತಲೆ ಒಂದು ಇದೆಯಲ್ಲ, ಎರಡು ಯಾಕೆ' ಎಂದು ನಕ್ಕನು. ಬೀಗರೂ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ನಗೆ ಸಹಿತ ಆ ಮಾತು ಬಿಳಿಗಲ್ಲುದುರ್ಗದ ತುಂಬಿದ ಸಭೆಗೆ ಬಂದು ಮುಟ್ಟಿತು. ಗಾದರಿನಾಯಕ ಎದ್ದು ನಿಂತು, ತಲೆಯ ರುಮಾಲನ್ನು ಬಿಚ್ಚಿ ನೆಲಕ್ಕೆ ಹಾಕಿ, ಮನೆತನದ ಕತ್ತಿಯನ್ನು ಮುಟ್ಟಿ, ಸೂರನ ತಲೆ ತಂದಲ್ಲದೆ ರುಮಾಲು ಸುತ್ತೆನೆಂದು ಆಣೆಯಿಟ್ಟನು. ದಂಡು ಕೂಡಿಸಲು ಡಂಗುರ ಹೊಡೆಸಿದನು.

ಆಣೆಯಿಟ್ಟ ಮಾರನೆಯ ದಿನವೇ ನಾಯಕನಿಗೆ ಪಶ್ಚಾತ್ತಾಪವಾಗಿತ್ತು ಎನ್ನುತ್ತಾರೆ. ಅವನು ಊಟ ಬಿಟ್ಟಿದ್ದನು. ಸೂರ ಚಿಕ್ಕಂದಿನಲ್ಲಿ ಏರುತ್ತಿದ್ದ ಮುದಿ ಕುದುರೆಯ ಬಳಿ ಹೋಗಿ ಸುಮ್ಮನೆ ನಿಂತು ಬರುತ್ತಿದ್ದನು. ಆದರೆ ಬರಿತಲೆಯಲ್ಲಿ ಓಡಾಡುವ ನಾಯಕನನ್ನು ಊರೆಲ್ಲ ನೋಡುತ್ತಿತ್ತು. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ ಅದು, ನುಂಗಲಾರ, ಉಗುಳಲಾರ. ಪ್ರಧಾನಿ ಸಭೆಯಲ್ಲಿ ಎದ್ದು, ಒಡಹುಟ್ಟಿದವರ ವೈರ ಮನೆಗೆ ಕೇಡೆಂದು ನೀತಿ ಹೇಳಿದನು. ನಾಲ್ಕು ಜನರ ಮುಂದೆ ನೀತಿ ಹೇಳಿಸಿಕೊಂಡ ನಾಯಕ ದಂಡಿಗೆ ಇನ್ನೂ ನೂರು ಆಳು ಸೇರಿಸಿದನು. ಜೋಯಿಸರು ಪಂಚಾಂಗ ಬಿಡಿಸಿ ಈ ಪಕ್ಷದಲ್ಲಿ ಮುಹೂರ್ತವಿಲ್ಲವೆಂದರು. 'ನನಗೆ ಹೆದರಿಕೆ ಎಂದು ತಿಳಿದಿರೋ' ಎಂದು ನಾಯಕ ಮುಹೂರ್ತವನ್ನು ತಾನೇ ಇಟ್ಟನು. ಕೊನೆಗೆ ಪ್ರಧಾನಿ ಒಂದು ಉಪಾಯ ಹೂಡಿದನು. ಕತ್ತಿಪೂಜೆಯ ಹೊತ್ತಿಗೆ ಮೂಗಿಗೆ ನಸ್ಯವೇರಿಸಿ ಒಂಟಿ ಸೀನು ಸೀನಿದನು. ಒಂಟಿ ಸೀನು ಅಪಶಕುನವಷ್ಟೆ. ನಸ್ಯ ಹೆಚ್ಚಾಗಿತ್ತೋ ಏನೋ, ಹಿಂದೆಯೇ ಎರಡನೆಯ ಸೀನೂ ಬಂದು ಅದು ಶುಭಶಕುನವಾಯಿತು. ಸಭೆಗೆ ಸಭೆಯೇ ಬಾಯಿಗೆ ಬಟ್ಟೆ ಹಿಡಿದುಕೊಂಡಿತು. ನಾಯಕನಿಗೆ ಮಾತ್ರ ನಗು ಬರಲಿಲ್ಲ. ತನ್ನನ್ನು ತಡೆಯಲು ಆಟ ಹೂಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾದ ಮೇಲೆ ನಿಲ್ಲುವ ದಾರಿಯೂ ಅವನಿಗೆ ಮುಚ್ಚಿಹೋಯಿತು.

ಹಿಂದಣ ಕೋಣೆಯಲ್ಲಿದ್ದ ಬಂಗಾರವ್ವನಿಗೆ ಇದೆಲ್ಲ ತಿಳಿಯುತ್ತಿತ್ತು. ಎರಡೂ ಕಡೆಯಿರುವವರು ತನ್ನ ಕೈತುತ್ತು ತಿಂದವರೇ. ಯಾರ ತಲೆ ಬಿದ್ದರೂ ಅವಳ ಮಡಿಲಲ್ಲೇ ಬಿದ್ದಂತೆ. ಪ್ರಧಾನಿಯಂತೆ ಬುದ್ಧಿ ಹೇಳಲು ಅವಳು ಹೋಗಲಿಲ್ಲ. ತಮ್ಮನಿಗೆ ಬೇಕಾಗಿರುವುದು ಬುದ್ಧಿಯಲ್ಲ, ಅದು ಅವನಿಗೆ ಆಗಲೇ ಬಂದಿದೆ, ಬೇಕಾಗಿರುವುದು ತಿರುಗಲು ಒಂದು ನೆಪ ಎಂಬುದನ್ನು ಅವನನ್ನು ಸಾಕಿದ ಅವಳು ಬಲ್ಲಳು. ಮಗುವಾಗಿದ್ದಾಗ ಮುನಿಸಿಕೊಂಡು ಊಟ ಬಿಟ್ಟರೆ ಅವನನ್ನು ಕರೆಯುತ್ತಿರಲಿಲ್ಲವಂತೆ. ತಣಿಗೆಯನ್ನು ಅಲ್ಲೇ ಬಿಟ್ಟು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳಂತೆ. ಯಾರೂ ನೋಡದಾಗ ಅವನೇ ಬಂದು ಉಣ್ಣುತ್ತಿದ್ದನಂತೆ. ಈಗ ಒಂದೇ ಒಂದು ನೆಪ ಉಳಿದಿತ್ತು. ದಂಡು ಹೊರಟ ದಾರಿಗೆ ಬರಿಹಣೆಯ ಹೆಂಗಸು ಬರಿಕೊಡ ಹಿಡಿದು ಅಡ್ಡ ಬಂದರೆ ದಂಡು ತಿರುಗಲೇಬೇಕು. ಹಾಗೆ ತಿರುಗಿದವನ ಆಣೆಯನ್ನು ದೇವರೇ ಹಿಂದಕ್ಕೆ ತೆಗೆದುಕೊಂಡನೆಂದು ಲೆಕ್ಕ, ಅವನನ್ನು ಯಾರೂ ಹೇಡಿ ಎನ್ನುವಂತಿಲ್ಲ. ಆದರೆ ಅಡ್ಡ ಬಂದವಳಿಗೆ ಊರಿಲ್ಲ. ಅವಳಿಗೆ ಯಾರೂ ಬೆಂಕಿ ಕೊಡಬಾರದು, ನೀರು ಕೊಡಬಾರದು, ಸೂರು ಕೊಡಬಾರದು. ಯಾರೂ ಹಾಗೆ ಅಡ್ಡ ಬರದಿರಲೆಂದೇ ದಂಡು ಹೊರಡುವ ಮುಂಚೆ ಡಂಗುರ ಹೊಡೆಸಿ ಬರಿಹಣೆಯವರ ಮನೆಯ ಕದಗಳನ್ನು ಹೊರಗಿನಿಂದ ಹಾಕಿಸುತ್ತಿದ್ದರು. ಏನನ್ನೂ ಕಳೆದುಕೊಳ್ಳದವನು ತಂದ ಶಕುನವನ್ನು ಯಾರೂ ನಂಬುವುದಿಲ್ಲವೆಂಬುದನ್ನು ಪ್ರಧಾನಿಯ ಸೀನು ತೋರಿಸಿಕೊಟ್ಟಿತ್ತು. ಬಂಗಾರವ್ವ ಕದ ಹಾಕುವವರು ಬರುವುದಕ್ಕೆ ಮೊದಲೇ ಹಿತ್ತಿಲ ದಿಡ್ಡಿಯಿಂದ ಹೊರಬಿದ್ದಳು.

ದಂಡು ಈ ದಿನ್ನೆಯನ್ನು ಏರುವ ಹೊತ್ತಿಗೆ ಬಿಸಿಲು ಬಲಿತಿತ್ತು. ಇದರಾಚೆ ಮುತ್ತಗನೂರಿನ ಎಲ್ಲೆ. ಗಾದರಿನಾಯಕ ಎಲ್ಲರಿಗಿಂತ ಮುಂದೆ ಕುದುರೆಯ ಮೇಲಿದ್ದನು. ಕುದುರೆಯನ್ನು ಎಷ್ಟು ನಿಧಾನವಾಗಿ ನಡೆಸುತ್ತಿದ್ದನೆಂದರೆ ಕಾಲಾಳುಗಳು ಹಿಂದಿನಿಂದ ಒತ್ತಿಕೊಂಡು ಬರುತ್ತಿದ್ದರಂತೆ. ಆಗ ಬಂಡೆಯ ಮರೆಯಿಂದ ಬಂಗಾರವ್ವ ಬಂದಳು. ಸೊಂಟದಲ್ಲಿ ಬರಿಕೊಡ. ಎಡದಿಂದ ಬಲಕ್ಕೆ ರಸ್ತೆಯನ್ನು ದಾಟಿ, ನಡುವೆ ಒಂದು ಗಳಿಗೆ ನಿಂತಳು. ತಮಟೆ ನಿಂತಿತು. ಹಿಂದಿನವರು ಏನಾಯಿತೆಂದು ಕೂಗಿದರು.

"ನೀರಿಗೆ ಹೊಂಟಿದ್ದೆ ಕಣಪ್ಪಾ," ಎಂದಳು ಬಂಗಾರವ್ವ. "ನೀವು ಬರೋದು ನೋಡ್ಲಿಲ್ಲ."

ದಿನ್ನೆಯ ಬಂಡೆಯ ದೊಣೆಯಲ್ಲಿ ಸ್ವಲ್ಪ ನೀರು ನಿಲ್ಲುವುದು ನಿಜ. ಆದರೆ ದುರ್ಗದ ಅರಮನೆಯ ಹೆಂಗಸು ನೀರಿಗೆ ಅಷ್ಟು ದೂರ ಬರುವಳೇ! ನಾಯಕ ಅಕ್ಕನ ಮುಖ ನೋಡಿದನು. ಎದೆಯ ಮೇಲಿನ ಗುಂಡುಕಲ್ಲನ್ನು ಯಾರೋ ಇಳಿಸಿದಂತೆ ಅವನ ಉಸಿರು ಹೊರಬಂತು. ಅದನ್ನು ಅಕ್ಕ ಕಂಡಳು. ಅವನು ಕತ್ತಿಯನ್ನು ಒರೆಗೆ ಹಾಕಿ, ದೇವರ ಮನಸ್ಸಿಲ್ಲ, ದಂಡು ತಿರುಗಲಿ ಎಂದನು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಲ್ಲಿಗೆ ಮುಗಿದಿದ್ದರೆ ಈ ದಿನ್ನೆಗೆ ಹೆಸರೇ ಬರುತ್ತಿರಲಿಲ್ಲವೇನೋ. ಆದರೆ ದಳವಾಯಿ ಬೊಮ್ಮಣ್ಣ ಕುದುರೆ ಮುಂದೆ ತಂದು ಕೇಳಿದನು:

"ನಾಯಕರೇ, ಅಡ್ಡ ಬಂದೋರಿಗೆ ಏನು ಕಟ್ಟಳೆ?"

ಅಕ್ಕನನ್ನು ಮನ್ನಿಸಿದರೆ, ಇದೂ ಪ್ರಧಾನಿಯ ಸೀನಿನಂತೆ ಹೂಡಿದ ಆಟ, ನಾಯಕನೇ ಅಕ್ಕನನ್ನು ಕಳಿಸಿ ನಿಲ್ಲಿಸಿದ್ದಾನೆ ಎಂದು ದಂಡೆಲ್ಲ ಆಡಿಕೊಳ್ಳುವುದು. ಆಣೆ ಮತ್ತೆ ಕುತ್ತಿಗೆಗೆ ಬೀಳುವುದು. ಕಟ್ಟಳೆ ನಡೆಸಿದರೆ ಅಕ್ಕ ಹೋಗುವಳು. ನಾಯಕ ಕುದುರೆಯ ಕೇಸರವನ್ನೇ ನೋಡುತ್ತಿದ್ದನು. ಆಗಲೂ ಅವನ ಕೈಹಿಡಿದವಳು ಅವಳೇ.

"ಕಟ್ಟಳೆ ಎಲ್ಲಾರಿಗೂ ಒಂದೇ ಕಣಪ್ಪಾ," ಎಂದಳು. "ಹೇಳಿಬಿಡು. ಬಿಸಿಲಾಗ್ತೈತೆ, ಹುಡುಗ್ರು ನಿಂತವ್ರೆ."

ನಾಯಕ ಹೇಳಿದನು. ಹೇಳುವಾಗ ಅವಳನ್ನು ನೋಡಲಿಲ್ಲ. ದಂಡು ತಿರುಗಿತು. ಅವಳು ಕೊಡವನ್ನು ಕೆಳಗಿಟ್ಟು, ಬಂಡೆಯ ನೆರಳಿನಲ್ಲಿ ಕುಳಿತಳು.

ಮುಂದಿನದೆಲ್ಲ ಅವಳು ಎಣಿಸಿದಂತೆಯೇ ನಡೆಯಿತು. ಸುದ್ದಿ ಕೇಳಿ ಸೂರನಾಯಕನಿಗೂ ತಲೆ ನೆಟ್ಟಗಾಯಿತು. ದೇವರೇ ಅಣ್ಣನನ್ನು ತಿರುಗಿಸಿದ ಮೇಲೆ ತಾನು ತಗ್ಗುವುದರಲ್ಲಿ ಸೋಲಿಲ್ಲವೆಂದು, ಮುಂದಿನ ಬೇಟೆಯ ಹಂದಿಯ ತಲೆಯನ್ನು ತಾನೇ ಹೊತ್ತುಕೊಂಡು ದುರ್ಗಕ್ಕೆ ನಡೆದುಬಂದನು. ಅಣ್ಣನಿಗೆ ತಮ್ಮನೇ ರುಮಾಲು ಸುತ್ತಿದನು. ಇಬ್ಬರೂ ಒಂದೇ ತಣಿಗೆಯಲ್ಲಿ ಉಂಡರು. ಉಣ್ಣುವಾಗ ಇಬ್ಬರೂ ಅವಳ ಹೆಸರೆತ್ತಲಿಲ್ಲ. ಅಕ್ಕನನ್ನು ತನ್ನೂರಿಗೆ ಕರೆದೊಯ್ಯಬೇಕೆಂದು ಸೂರನಾಯಕನಿಗೆ ಆಸೆಯಿತ್ತು. ಅಣ್ಣ ಹೊರಹಾಕಿದವಳನ್ನು ತಮ್ಮ ಒಳಗಿಟ್ಟುಕೊಂಡರೆ ಅದು ಹಂದಿತಲೆಗಿಂತ ದೊಡ್ಡ ಅವಮಾನವೆಂದು ಅವನ ಊರಿನ ಹಿರಿಯರು ತಡೆದರು. ಹೀಗೆ ಇಬ್ಬರು ತಮ್ಮಂದಿರ ಮಾನವೂ ಉಳಿಯಿತು. ನಡುವಿನ ದಿನ್ನೆಯಲ್ಲಿ ಅಕ್ಕ ಉಳಿದಳು.

ಅವಳು ಬಂಡೆಯ ಅಡಿಯ ಗವಿಯಂಥ ಜಾಗದಲ್ಲಿ ವರ್ಷಗಟ್ಟಲೆ ಬದುಕಿದಳು. ಕುರಿಹಟ್ಟಿಯವರು ನವಣೆಯನ್ನೋ ಸಜ್ಜೆಯನ್ನೋ ಬಂಡೆಯ ಮೇಲೆ ಮರೆತವರಂತೆ ಬಿಟ್ಟುಹೋಗುತ್ತಿದ್ದರು. ಕಟ್ಟಳೆಯೂ ಮುರಿಯಬಾರದು, ಅವಳೂ ಸಾಯಬಾರದು. ಬಡವರಿಗೆ ಗೊತ್ತಿರುವ ಮರೆವು ಅದು. ಎತ್ತಿನ ಗಂಟೆ ಕೇಳಿಸಿದರೆ, ಕುದುರೆಯ ಸದ್ದಾದರೆ, ಬಂಗಾರವ್ವ ತಟ್ಟನೆ ಎದ್ದು ಬಂಡೆಯ ಹಿಂದಕ್ಕೆ ಹೋಗಿ ಮುಖ ಆಚೆ ಮಾಡಿ ಕುಳಿತುಬಿಡುತ್ತಿದ್ದಳು. ಕುರುಬರ ಹೆಂಗಸು ಸಿದ್ದಿಂಗಿ ಎಂಬವಳು ಒಮ್ಮೆ ಕೇಳಿದಳಂತೆ, "ಯಾಕವ್ವಾ ಹಂಗೆ ಅವುತ್ಕಂತೀಯ? ನೀನೇನು ಕದ್ದಿದ್ದೀಯಾ?" ಬಂಗಾರವ್ವ, "ಅವರು ಒಳ್ಳೇದಕ್ಕೆ ಹೊಂಟಿರ್ತಾರೆ ಕಣೇ. ನಾನ್ಯಾಕೆ ಎದುರಾಗ್ಲಿ" ಎಂದಳಂತೆ. ಈ ಮಾತನ್ನು ಹೇಳುವಾಗ ನನ್ನ ಅಜ್ಜಿಯ ತಂಗಿ ಪ್ರತಿ ಸಲವೂ ಅಳುತ್ತಿದ್ದಳು. ಅವಳ ಹಣೆಯೂ ಬರಿದಾಗಿತ್ತು. ನನಗಾದರೋ ಸಿಟ್ಟು ಬರುತ್ತದೆ. ಎರಡು ಊರುಗಳನ್ನು ಉಳಿಸಿದವಳು ತಾನು ಅಪಶಕುನವೆಂದು ನಿಜವಾಗಿಯೂ ನಂಬಿದ್ದಳು. ಆ ನಂಬಿಕೆಯನ್ನು ತಮ್ಮನಿಗಾಗಿ ಒಂದು ದಿನ ಬಳಸಿಕೊಂಡಳು, ಬಿಟ್ಟು ಹೊರಬರಲು ಮಾತ್ರ ಅವಳಿಂದ ಆಗಲಿಲ್ಲ.

ತಮ್ಮಂದಿರು ರಾಜಿಯಾದ ಮೇಲೆ ಗಾದರಿನಾಯಕ ಈ ದಾರಿಯಲ್ಲಿ ಬೇಟೆಗೋ ಹಬ್ಬಕ್ಕೋ ಆಗಾಗ ಮುತ್ತಗನೂರಿಗೆ ಹೋಗುತ್ತಿದ್ದನು. ದಿನ್ನೆಯ ನೆತ್ತಿಯಲ್ಲಿ ಅವನ ಕುದುರೆ ತಾನಾಗಿಯೇ ನಿಧಾನವಾಗುತ್ತಿತ್ತು ಎನ್ನುತ್ತಾರೆ. ಕುದುರೆಯ ಮೇಲೆ ಹೊರಿಸಿ ಹೇಳುವುದು ಜನರ ದೊಡ್ಡತನ. ಅವನು ಎಡಕ್ಕೆ ನೋಡುತ್ತಿದ್ದನು, ಬಲಕ್ಕೆ ನೋಡುತ್ತಿದ್ದನು. ಯಾರೂ ಕಾಣುತ್ತಿರಲಿಲ್ಲ. ಹಿಂದೆ ಜನವಿರುತ್ತಿದ್ದುದರಿಂದ ಕೂಗಿ ಕರೆಯುವಂತಿರಲಿಲ್ಲ. ಒಬ್ಬನೇ ಬರಬಹುದಿತ್ತಲ್ಲ ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದೆ. ನಾಯಕನಾದವನು ಒಬ್ಬನೇ ಹೊರಟರೂ ಯಾಕೆ ಹೊರಟನೆಂದು ಊರು ಕೇಳುತ್ತದೆ ಕಣೋ ಎಂದು ಅಜ್ಜಿಯ ತಂಗಿ ಗದರಿಸಿದ್ದಳು.

ಹೀಗೆ ಕಾಲ ಸರಿದು, ಅವನ ಮೀಸೆ ನರೆತು, ಸೂರನಾಯಕನ ಮಗನ ಮದುವೆ ಗೊತ್ತಾಯಿತು. ದುರ್ಗದಿಂದ ದಿಬ್ಬಣ ಹೊರಟಿತು. ತಮ್ಮನ ಮಗನಿಗೆಂದು ಉಡುಗೊರೆ ಹೊತ್ತ ಎತ್ತುಗಳು, ಓಲಗದವರು, ಕಳಸ ಹಿಡಿದ ಮುತ್ತೈದೆಯರು. ದಿನ್ನೆಯ ನೆತ್ತಿಗೆ ಬಂದಾಗ ಗಾದರಿನಾಯಕ ಕುದುರೆಯಿಂದ ಇಳಿದು ಓಲಗ ನಿಲ್ಲಿಸಿದನು. ಎಲ್ಲರೂ ನೋಡುತ್ತಿದ್ದಂತೆ, ಬಂಡೆಗಳ ಕಡೆ ತಿರುಗಿ ಕೂಗಿದನು.

"ಅಕ್ಕಾ, ಅಡ್ಡ ಬಾ!"

ಕಳಸದ ಹೆಂಗಸರು ಬೆಚ್ಚಿಬಿದ್ದರು. ಮದುವೆಗೆ ಹೊರಟವನು ಇಂಥ ಮಾತಾಡುವುದುಂಟೇ! ಅವನು ಮತ್ತೆ ಕೂಗಿದನು: "ಒಳ್ಳೇದಕ್ಕೇ ಹೊಂಟಿದ್ದೀನಿ ಕಣಕ್ಕಾ. ಸೂರನ ಮಗನ ಮದುವೆ. ನೀನು ಅಡ್ಡ ಬಂದ್ರೇನೇ ನಾನು ಮುಂದಕ್ಕೆ ಹೋಗೋದು. ಅಡ್ಡ ಬಾ."

ಯಾರೂ ಬರಲಿಲ್ಲ. ನಾಯಕ ತಾನೇ ಬಂಡೆಯ ಹಿಂದಕ್ಕೆ ಹೋದನು. ಅವಳು ಅಲ್ಲಿಯೇ ಇದ್ದಳು. ಬಂಡೆಗೆ ಒರಗಿ, ಮುಖ ಆಚೆ ಮಾಡಿ, ಯಾರೋ ದಾಟಿಹೋಗಲೆಂದು ಕಾಯುವವಳಂತೆ ಕುಳಿತಿದ್ದಳು. ಜೀವ ಹೋಗಿ ದಿನಗಳೇ ಆಗಿದ್ದವು. ಕುರಿಹಟ್ಟಿಯವರು ಮೇವಿಗಾಗಿ ದೂರ ಹೋಗಿದ್ದ ಕಾಲ ಅದು, ನೋಡುವವರಿರಲಿಲ್ಲ. ಗಾದರಿನಾಯಕ ಆ ಒಣಗಿದ ದೇಹವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಯ ನಡುವಿಗೆ ತಂದು, ಮಡಿಲಲ್ಲಿಟ್ಟುಕೊಂಡು ಕುಳಿತನು.

"ಆವತ್ತು ನಂಗೇ ತಿರುಗಬೇಕಿತ್ತು," ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದನು. "ನಾನು ತಿರುಗಲಿ ಅಂತಲೇ ನಮ್ಮಕ್ಕ ಅಡ್ಡ ಬಂದಳು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೊರಗೆ ಹಾಕಿದೆ. ನೀವೆಲ್ಲ ಏನಂತೀರೋ ಅಂತ ಹಾಕಿದೆ."

ದಿಬ್ಬಣದವರು ತಲೆ ತಗ್ಗಿಸಿ ನಿಂತಿದ್ದರು. ಮುದುಕನಾಗಿದ್ದ ದಳವಾಯಿ ಬೊಮ್ಮಣ್ಣ ಮುಂದೆ ಬಂದು, ಮೊಣಕಾಲೂರಿ ಕುಳಿತನು.

"ನಮಗೂ ಗೊತ್ತಿತ್ತು, ನಾಯಕರೇ," ಎಂದನು. "ದಂಡಿಗೆಲ್ಲ ಆವತ್ತೇ ಗೊತ್ತಿತ್ತು. ನಮ್ಮಲ್ಲಿ ಯಾರಿಗೂ ಸೂರಪ್ಪನ ಮೇಲೆ ಕತ್ತಿ ಎತ್ತೋ ಮನಸ್ಸಿರಲಿಲ್ಲ. ಅವ್ವನ್ನ ಕಂಡು ನಾವೂ ಬದುಕಿದೆವು ಅಂದ್ಕೊಂಡ್ವಿ. ಕಟ್ಟಳೆ ಕೇಳದಿದ್ರೆ ನಿಮ್ಮ ಮಾನ ಹೋಗ್ತೈತಲ್ಲಾ ಅಂತ ನಾನು ಕೇಳಿದೆ. ನೀವು ಮನ್ನಿಸಿದ್ದಿದ್ರೆ ಯಾರೂ ಒಂದು ಮಾತು ಆಡ್ತಿರಲಿಲ್ಲ."

ಆ ಮಾತು ಕೇಳಿ ನಾಯಕ ಕೂಗಿಕೊಂಡ ಕೂಗು ಮುತ್ತಗನೂರಿನವರೆಗೆ ಕೇಳಿಸಿತೆಂದು ಹೇಳುತ್ತಾರೆ. ಅಷ್ಟು ದೂರ ಯಾವ ಕೂಗೂ ಕೇಳಿಸದು. ಆದರೆ ಸೂರನಾಯಕ ಮದುವೆಯ ಚಪ್ಪರ ಬಿಟ್ಟು ಬರಿಗಾಲಲ್ಲಿ ಓಡಿಬಂದದ್ದು ನಿಜವಿರಬೇಕು. ತಮ್ಮಂದಿರಿಬ್ಬರೂ ಅವಳನ್ನು ಅಡ್ಡ ಬಂದ ಜಾಗದಲ್ಲಿಯೇ ಮಣ್ಣು ಮಾಡಿ, ಈ ಕಲ್ಲನ್ನು ನಿಲ್ಲಿಸಿದರು. ಅಂದಿನಿಂದ ಇದು ಅಡ್ಡಬಂದಮ್ಮನ ದಿನ್ನೆ.

ಇಂದಿಗೂ ಈ ದಾರಿಯಲ್ಲಿ ಹೋಗುವ ದಿಬ್ಬಣಗಳು ಕಲ್ಲಿನ ಬಳಿ ನಿಲ್ಲುತ್ತವೆ. ಮದುಮಗ ಇಳಿದು ಕಾಯಿ ಒಡೆದು, 'ಅಮ್ಮಾ, ಅಡ್ಡ ಬಾ' ಎಂದು ಗಟ್ಟಿಯಾಗಿ ಕರೆಯಬೇಕು. ಕರೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಹೊರಡಬೇಕು. ನೋಡುವವರಿಗೆ ಅದು ಚೆಂದವಾಗಿಯೇ ಕಾಣುತ್ತದೆ, ಈಗೀಗ ಫೋಟೋದವರೂ ಇರುತ್ತಾರೆ. ಕಳೆದ ಮಾಘದಲ್ಲಿ ನಾನು ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ದಿಬ್ಬಣದ ಟೆಂಪೋ ಬಂದು ನಿಂತಿತು. ಎಲ್ಲರೂ ಇಳಿದು ಕಲ್ಲಿನ ಸುತ್ತ ಸೇರಿದರು, ಮದುಮಗ ಕರೆದ. ಟೆಂಪೋದ ಹಿಂದಿನ ಸೀಟಿನಲ್ಲಿ ಬರಿಹಣೆಯ ಹೆಂಗಸೊಬ್ಬಳು ಕುಳಿತೇ ಇದ್ದಳು. ನೀವು ಇಳಿಯುವುದಿಲ್ಲವೇನಮ್ಮಾ ಎಂದು ಕೇಳಿದೆ. "ನಾನು ಹುಡುಗನ ಸೋದರತ್ತೆ ಕಣಪ್ಪಾ," ಎಂದಳು ಅವಳು ಮೆಲ್ಲಗೆ. "ಶುಭಕ್ಕೆ ಹೊಂಟವ್ರೆ. ಅವರೆಲ್ಲ ಹತ್ತಲಿ, ಆಮೇಲೆ ಇಳಿದು ಕೈಮುಗೀತೀನಿ." ಅವರೆಲ್ಲ ಹತ್ತಿದರು, ಟೆಂಪೋ ಹೊರಟಿತು. ಅವಳಿಗೆ ಇಳಿಯಲಾಗಲಿಲ್ಲ.